ಕಿಟಕಿಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು: ಮನೆ ಮತ್ತು ಕಚೇರಿಯ ಗಾಳಿಯನ್ನು ಸರಿಪಡಿಸಿಕೊಳ್ಳುವ ಬಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಎರಡು ಓಣಿ ಈಚೆಗೆ ನಮ್ಮ ಮನೆಯಿದೆ. ಗಂಟಲು ಕೆರೆತ ಮತ್ತು ಒಣಕೆಮ್ಮು ಬಿಡದೆ ಕಾಡಿದ ವರ್ಷ ಎಲ್ಲರೂ ಹೇಳಿದ್ದು ಒಂದೇ ಮಾತು: ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆರೆಯಿರಿ, ಮನೆಯೊಳಗೆ ಗಾಳಿಯಾಡಲಿ. ಆ ಮಾತನ್ನು ಮೂರು ತಿಂಗಳು ಶ್ರದ್ಧೆಯಿಂದ ಪಾಲಿಸಿ ಕೆಮ್ಮನ್ನು ಹೆಚ್ಚಿಸಿಕೊಂಡೆ. ಭಟ್ಟಿಗಳಿಗೆ ಬೆಂಕಿ ಹಾಕುವುದು ಬೆಳಗಿನ ಜಾವ. ಚಳಿಗಾಲದಲ್ಲಿ ಆ ಹೊತ್ತಿಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕುಳಿತಿರುವುದರಿಂದ ಹೊಟ್ಟಿನ ಹೊಗೆ ಮೇಲೇರದೆ ಓಣಿಯಲ್ಲೇ ಹರಡುತ್ತದೆ. ಐದು ಗಂಟೆಗೆ ಕಿಟಕಿ ತೆರೆದು ಹೊಗೆಯನ್ನು ಒಳಗೆ ಕರೆದುಕೊಂಡು, ಒಂಬತ್ತಕ್ಕೆ ಕಿಟಕಿ ಮುಚ್ಚಿ ಅದನ್ನು ಒಳಗೇ ಕೂಡಿಹಾಕಿ ನಾನು ಕೆಲಸಕ್ಕೆ ಹೋಗುತ್ತಿದ್ದೆ.

ಆದ್ದರಿಂದ ಯಾವ ಯಂತ್ರವನ್ನೂ ಕೊಳ್ಳುವ ಮೊದಲು ಎರಡು ವಾರ ಒಂದು ನೋಟುಪುಸ್ತಕ ಇಟ್ಟುಕೊಳ್ಳಬೇಕು. ಕೆಮ್ಮು, ತಲೆನೋವು, ಕಣ್ಣುರಿ ಇವು ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ಶುರುವಾದವು, ಆಗ ಒಲೆಯ ಮೇಲೆ ಏನಿತ್ತು, ಏನು ಉರಿಯುತ್ತಿತ್ತು, ಕಿಟಕಿ ತೆರೆದಿತ್ತೋ ಇಲ್ಲವೋ ಎಂಬುದನ್ನು ಬರೆಯುತ್ತ ಹೋಗಬೇಕು. ನನ್ನ ಪುಸ್ತಕದಲ್ಲಿ ಹತ್ತನೆಯ ದಿನಕ್ಕೇ ಒಂದು ಸಂಗತಿ ಎದ್ದು ಕಂಡಿತು: ಗಂಟಲಿನ ತೊಂದರೆ ಮನೆಯದು, ಬೆಳಗಿನದು, ತಲೆನೋವು ಕಚೇರಿಯದು, ಮಧ್ಯಾಹ್ನ ಮೂರರ ನಂತರದ್ದು, ಭಾನುವಾರ ಅದು ಬರುವುದೇ ಇಲ್ಲ. ರಜೆಯ ದಿನ ಇಳಿದು ಕೆಲಸದ ದಿನ ಏರುವ ತೊಂದರೆಯ ಮೂಲವನ್ನು ಕೆಲಸದ ಜಾಗದಲ್ಲಿ ಹುಡುಕಬೇಕು. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದಲೇ ಹೆಸರಾಗಿದ್ದ ಈ ಊರಿನಲ್ಲಿ ಇದು ಹೊಸ ವಿಷಯವೇನೂ ಅಲ್ಲ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯ ಗುರುತೇ ವಾರದ ರಜೆ ಮುಗಿಸಿ ಬಂದ ಮೊದಲ ದಿನ ಕಾಣಿಸಿಕೊಳ್ಳುವ ಎದೆಬಿಗಿತ. ಉಬ್ಬಸದ ಅನುಮಾನವಿದ್ದವರು, ಊದಿದ ಉಸಿರಿನ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರಿನಲ್ಲಿ ದಿನಕ್ಕೆ ನಾಲ್ಕು ಬಾರಿ ಊದಿ, ಕೆಲಸದ ದಿನ ಮತ್ತು ರಜೆಯ ದಿನದ ಅಂಕಿಗಳನ್ನು ಬೇರೆಬೇರೆಯಾಗಿ ಬರೆದು ವೈದ್ಯರಿಗೆ ತೋರಿಸಿದರೆ, ಬಾಯಿಮಾತಿನ ದೂರಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೊರಗಿನ ಗಾಳಿಯ ಸ್ಥಿತಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪಿನಲ್ಲಿ ನೋಡಬಹುದು. ನಮ್ಮೂರಿನ ಮಾಪನ ಕೇಂದ್ರ ದೇವರಾಜ ಅರಸು ಬಡಾವಣೆಯಲ್ಲಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿದ್ದು, ಅವುಗಳಲ್ಲಿ ದಾವಣಗೆರೆಯೂ ಒಂದು. ಆದರೆ ಬಡಾವಣೆಯ ಅಂಕಿ ನಿಮ್ಮ ಅಡುಗೆಮನೆಯ ಅಂಕಿಯಲ್ಲ. ಪಿಎಂ 2.5, ಅಂದರೆ ಹೊಗೆ ಮತ್ತು ಧೂಳಿನ ಅತಿ ಸಣ್ಣ ಕಣಗಳನ್ನು ಅಳೆಯುವ ಸಣ್ಣ ಮೀಟರನ್ನು ಕೆಲವು ದಿನಗಳ ಮಟ್ಟಿಗೆ ಯಾರಿಂದಲಾದರೂ ಕಡ ತಂದರೂ ಸಾಕು. ಈ ಸೂಕ್ಷ್ಮ ಕಣಕ್ಕೆ ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ 24 ಗಂಟೆಯ ಸರಾಸರಿಯಲ್ಲಿ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಮೀಟರಿನ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ, ಅದು ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದನ್ನಷ್ಟೇ ನೋಡಬೇಕು. ನಮ್ಮಲ್ಲಿ ಅದು ಬೆಳಗಿನ ಜಾವ ಏರಿ, ಬಿಸಿಲು ಬಲಿತ ಮೇಲೆ, ಹನ್ನೊಂದರ ಸುಮಾರಿಗೆ ಇಳಿಯುತ್ತಿತ್ತು. ಈಗ ಭಟ್ಟಿಯ ದಿಕ್ಕಿನ ಕಿಟಕಿಗಳು ರಾತ್ರಿ ಹತ್ತರಿಂದ ಮರುದಿನ ಬೆಳಗ್ಗೆ ಹನ್ನೊಂದರವರೆಗೆ ಮುಚ್ಚಿರುತ್ತವೆ, ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದ್ದೇವೆ. ನಾನು ಕೆಲಸಕ್ಕೆ ಹೋದ ಮೇಲೆ ಅತ್ತೆಯವರು ಎದುರುಬದುರಿನ ಎರಡು ಕಿಟಕಿಗಳನ್ನು ಒಟ್ಟಿಗೆ ತೆರೆಯುತ್ತಾರೆ. ಒಂದನ್ನೇ ತೆರೆದರೆ ಗಾಳಿ ಹಾದುಹೋಗುವುದಿಲ್ಲ. ಭಟ್ಟಿಯವರೊಂದಿಗೆ ಜಗಳಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ನಾವು ಕಿಟಕಿಯಲ್ಲಿ ಕುಡಿಯುವ ಹೊಗೆಯ ಹತ್ತು ಪಟ್ಟನ್ನು ಅವರು ಬಾಣಲೆಯ ಮುಂದೆ ಕುಡಿಯುತ್ತಿರುತ್ತಾರೆ. ಯಾವ ದಿನ ಎಷ್ಟು ಹೊತ್ತಿಗೆ ಬೆಂಕಿ ಹಾಕುತ್ತಾರೆಂದು ಕೇಳಿ ತಿಳಿದುಕೊಂಡೆ, ಅಷ್ಟೇ.

ಮನೆಯೊಳಗೆ ನಾವೇ ಹುಟ್ಟಿಸುವ ಹೊಗೆಯ ಲೆಕ್ಕ ಬೇರೆಯೇ ಇದೆ. ಗ್ಯಾಸ್ ಒಲೆ ಬಂದಮಾತ್ರಕ್ಕೆ ಅಡುಗೆಮನೆ ಹೊಗೆಯಿಂದ ಪಾರಾಯಿತೆಂದು ನಾನೂ ತಿಳಿದಿದ್ದೆ. ಮೆಣಸಿನಕಾಯಿ ಕರಿಯುವ ದಿನ ಮೀಟರಿನ ಅಂಕಿ ಭಟ್ಟಿಯ ಹೊತ್ತಿನ ಅಂಕಿಯನ್ನೂ ಮೀರಿತು. ಎಣ್ಣೆ ಕಾದು ಹೊಗೆಯಾಡುವ ಮಟ್ಟಕ್ಕೆ ಬಿಡದಿರುವುದು ಮೊದಲ ಉಪಾಯ. ಎಕ್ಸಾಸ್ಟ್ ಫ್ಯಾನನ್ನು ಒಲೆ ಹಚ್ಚುವ ಮೊದಲೇ ಹಾಕಿ, ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಬಿಡಬೇಕು. ಫ್ಯಾನು ತಿರುಗುತ್ತದೆ ಎಂದ ಮಾತ್ರಕ್ಕೆ ಎಳೆಯುತ್ತದೆ ಎಂದಲ್ಲ: ಅದರ ಜಾಲರಿಗೆ ಒಂದು ತೆಳು ಕಾಗದ ಹಿಡಿದರೆ ಅದು ಅಲ್ಲೇ ಅಂಟಿ ನಿಲ್ಲಬೇಕು. ಬಿದ್ದುಹೋದರೆ ರೆಕ್ಕೆಗಳಿಗೆ ಜಿಡ್ಡು ಮೆತ್ತಿದೆ, ಇಲ್ಲವೇ ಒಳಗೆ ಬರಲು ಗಾಳಿಗೆ ದಾರಿಯಿಲ್ಲ. ಎದುರಿನ ಬಾಗಿಲನ್ನು ಒಂದು ಗೇಣು ತೆರೆದು ಮತ್ತೆ ಪರೀಕ್ಷಿಸಬೇಕು. ಹೊರಗೆ ಕೊಳವೆಯಿಲ್ಲದೆ ಗಾಳಿಯನ್ನು ಸೋಸಿ ಅಲ್ಲೇ ಬಿಡುವ ಚಿಮಣಿಗಳು ಜಿಡ್ಡನ್ನು ಹಿಡಿಯುತ್ತವೆ, ಉರಿಯಿಂದ ಹುಟ್ಟುವ ಅನಿಲವನ್ನು ಮನೆಯೊಳಗೇ ಉಳಿಸುತ್ತವೆ.

ಸೊಳ್ಳೆ ಬತ್ತಿಯ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಮಲಗುವ ಕೋಣೆಯಲ್ಲಿ ಅದು ಬೇಡವೇ ಬೇಡ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳು ಹೊರಬರುತ್ತವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತ್ತು. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ ಸಾಕು. ಊದುಬತ್ತಿಯ ಮಾತು ಮನೆಯಲ್ಲಿ ಎತ್ತುವುದು ಕಷ್ಟವಾಗಿತ್ತು. ಅತ್ತೆಯವರು ಈಗ ದೇವರಿಗೆ ತುಪ್ಪದ ದೀಪ ಹಚ್ಚಿ, ಊದುಬತ್ತಿಯನ್ನು ತುಳಸಿಕಟ್ಟೆಯ ಬಳಿ ಹಚ್ಚುತ್ತಾರೆ. ಒಣ ಪೊರಕೆಯಲ್ಲಿ ಗುಡಿಸಿದರೆ ಎರೆಮಣ್ಣಿನ ಧೂಳು ಎದ್ದು ಮತ್ತೆ ಹಾಸಿಗೆಯ ಮೇಲೆಯೇ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಲೇಸು. ಗೋಡೆಗೆ ಬೂಷ್ಟು ಹಿಡಿದಿದ್ದರೆ ಅದರ ಮೇಲೆ ಬಣ್ಣ ಬಳಿಯುವುದು ವ್ಯರ್ಥ, ಮೇಲಿನ ಟ್ಯಾಂಕಿನ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು.

ಇನ್ನು ಕಚೇರಿ. ವ್ಯಾಪಾರಸ್ಥರೊಬ್ಬರ ಮಳಿಗೆಯ ಮೇಲಿನ ಸಣ್ಣ ಕೋಣೆಯಲ್ಲಿ ನಾವು ಆರು ಜನ ಲೆಕ್ಕ ಬರೆಯುತ್ತೇವೆ. ಕಿಟಕಿಗೆ ಗಾಜು ಹಾಕಿ ಎ.ಸಿ. ಕೂರಿಸಿದ್ದರು. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆಯೇ ಹೊರತು ಹೊರಗಿನಿಂದ ಹೊಸ ಗಾಳಿಯನ್ನು ತರುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಯಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಕೋಣೆಯಲ್ಲಿ 1,000 ದಾಟಿದರೆ ಅಲ್ಲಿರುವ ಜನಕ್ಕೆ ಗಾಳಿ ಸಾಲುತ್ತಿಲ್ಲವೆಂದು ತಿಳಿಯಬೇಕು. ನಮ್ಮ ಕೋಣೆಯಲ್ಲಿ ನಾಲ್ಕು ಗಂಟೆಗೆ ಈ ಅನಿಲವನ್ನು ಅಳೆಯುವ ಮೀಟರು 1,900 ತೋರಿಸಿತು. ಇದನ್ನು ಆರೋಗ್ಯದ ದೂರಾಗಿ ಒಯ್ದರೆ ಕೇಳುವವರು ಕಡಿಮೆ, ಕೆಲಸದ ಮಾತಾಗಿ ಒಯ್ಯಬೇಕು. “ಸಾವ್ಕಾರ್ರೇ, ನಾಲ್ಕು ಗಂಟೆ ಆದ್ಮೇಲೆ ಎಲ್ಲರ ಲೆಕ್ಕದಾಗೂ ತಪ್ಪು ಬರ್ತಾ ಐತ್ರಿ, ಒಳಗೆ ಗಾಳಿನೇ ಇಲ್ಲ” ಎಂದೆ. ಮರುವಾರವೇ ಒಂದು ಗಾಜು ತೆಗೆದು ಸಣ್ಣ ಎಕ್ಸಾಸ್ಟ್ ಫ್ಯಾನು ಕೂರಿಸಿದರು, ಬಾಗಿಲ ಕೆಳಗೆ ಒಂದು ಬೆರಳು ಸಂದು ಬಿಡಿಸಿದರು. ತಲೆನೋವು ಪೂರ್ತಿ ಹೋಗಲಿಲ್ಲ. ವಾರಕ್ಕೆ ಐದು ದಿನ ಬರುತ್ತಿದ್ದುದು ಒಂದು ದಿನಕ್ಕೆ ಇಳಿಯಿತು.

ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಇಷ್ಟೆಲ್ಲ ಆದ ಮೇಲೆ ಕೊಳ್ಳಬೇಕು. ಅದರ ಹೆಪಾ ಸೋಸುಕ ಕಣಗಳನ್ನು ಹಿಡಿಯುತ್ತದೆ, ಇಂಗಾಲದ ಅನಿಲಗಳನ್ನು ಹಿಡಿಯುವುದಿಲ್ಲ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಬಾರಿ ಸೋಸಬೇಕೆಂದರೆ ಡಬ್ಬದ ಮೇಲೆ ಬರೆದಿರುವ ಸಿಎಡಿಆರ್ ಅಂಕಿ, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿಯನ್ನು ಸೋಸಿ ಕೊಡುತ್ತದೆ ಎಂಬುದು, ಕನಿಷ್ಠ 170 ಇರಬೇಕು. ಕುಂಡದ ಗಿಡಗಳು ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಮಾತು ನಾಸಾ ಸಂಸ್ಥೆ 1989ರಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ನಡೆಸಿದ ಪ್ರಯೋಗದಿಂದ ಹಬ್ಬಿದ್ದು. ಜನ ವಾಸಿಸುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ಗಿಡ ಚೆಂದಕ್ಕೆ ಇರಲಿ.

ನೋಟುಪುಸ್ತಕ, ಮೀಟರು ಯಾವುದಕ್ಕೂ ಕಾಯದೆ ಇಂದೇ ನೋಡಬೇಕಾದ ಒಂದು ಜಾಗವಿದೆ, ಅದು ಬಚ್ಚಲುಮನೆ. ಗ್ಯಾಸ್ ಗೀಸರ್ ಒಳಗೆ ಉರಿದು ಗಾಳಿ ಸಾಲದಾದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪಿಎಂ ಮೀಟರು ಅದನ್ನು ತೋರಿಸುವುದೂ ಇಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ, ಸ್ನಾನಕ್ಕೆ ಹೋದವರು ಬಾಗಿಲು ತೆಗೆಯುವ ಶಕ್ತಿಯನ್ನೂ ಕಳೆದುಕೊಂಡು ಕುಸಿಯುತ್ತಾರೆ. ಮೆಟ್ಟಿಲ ಕೆಳಗಿಟ್ಟ ಜನರೇಟರಿಗೂ, ಚಳಿಗೆಂದು ಕೋಣೆಯೊಳಗೆ ತಂದಿಟ್ಟ ಕೆಂಡಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಗೀಸರನ್ನು ಕಳಚಿ ಹಿತ್ತಿಲ ಗೋಡೆಗೆ ಹಾಕಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತಂದಿದ್ದೇವೆ. ಪ್ಲಂಬರಿಗೆ ಅದು ಅರ್ಧ ದಿನದ ಕೆಲಸವಾಗಿತ್ತು.