ತರಕಾರಿ ನೋಡಿ ಅಡುಗೆ ನಿಶ್ಚಯಿಸುವ ಕ್ರಮ

ಉಡುಪಿ, ಮಂಗಳೂರಿನ ಮನೆಗಳಲ್ಲಿ ಆಯಾ ಕಾಲಕ್ಕೆ ತಕ್ಕ ಅಡುಗೆ ಮಾಡಬೇಕೆನ್ನುವವರು, ಏನು ಮಾಡುವುದೆಂದು ಮೊದಲೇ ತೀರ್ಮಾನಿಸಿ ಪಟ್ಟಿ ಹಿಡಿದು ಪೇಟೆಗೆ ಹೋಗುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಕ್ಯಾರೆಟ್, ಬೀನ್ಸ್, ಕ್ಯಾಬೇಜು ಘಟ್ಟ ಇಳಿದು ವರ್ಷವಿಡೀ ಬರುತ್ತಲೇ ಇರುತ್ತವೆ. ಊರಿನ ತರಕಾರಿ ಹಾಗಲ್ಲ. ಬೇಸಿಗೆಯ ಆರಂಭದಲ್ಲಿ ಗುಜ್ಜೆ (ಎಳೆ ಹಲಸು), ಮಳೆ ಹಿಡಿದಾಗ ಕೆಸು, ಕಣಿಲೆ (ಬಿದಿರಿನ ಮೊಳಕೆ), ಜೀಗುಜ್ಜೆ (ಬೇರುಹಲಸು), ಮಳೆಗಾಲದ ನಡುವಿನಿಂದ ಹೀರೆ, ಮುಳ್ಳುಸೌತೆ, ಬೆಂಡೆ, ಚಳಿ ಬಿದ್ದ ಮೇಲೆ ಗುಳ್ಳ (ದುಂಡು ಬದನೆ) ಎಂದು ಅವು ತಮ್ಮ ಸರದಿಯಲ್ಲಿ ಬರುತ್ತವೆ. ಬುಟ್ಟಿಯಲ್ಲಿ ಯಾವುದು ಎಳತಾಗಿ ಕಾಣುತ್ತದೋ ಅದನ್ನು ಕೊಂಡು, ಹುಳಿಯೋ ಪಲ್ಯವೋ ತಂಬುಳಿಯೋ ಎಂಬುದನ್ನು ಆಮೇಲೆ ನಿಶ್ಚಯಿಸಿದರೆ ಸಾಕು. ಅಲಸಂಡೆ ಬಗ್ಗಿಸಿದಾಗ ಬಳುಕದೆ ಮುರಿಯಬೇಕು. ಬೆಂಡೆಯ ತುದಿಯೂ ಹಾಗೆಯೇ.

ಕಟಪಾಡಿ ಸಮೀಪದ ಮಟ್ಟುವಿನಲ್ಲಿ ಬೆಳೆಯುವ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಗುಳ್ಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಿಳಿ ಹಸಿರು ಮೈಯ ಮೇಲೆ ಬಿಳಿಯ ಗೆರೆಗಳೂ ತೊಟ್ಟಿನಲ್ಲಿ ಸಣ್ಣ ಮುಳ್ಳುಗಳೂ ಇರುವ ಈ ಕಾಯಿಯ ಸಿಪ್ಪೆ ತೆಳು, ತಿರುಳು ಮೃದು. ಆದ್ದರಿಂದ ಕುಕ್ಕರಿನಲ್ಲಿ ಇಟ್ಟರೆ ಹೋಳು ಉಳಿಯುವುದಿಲ್ಲ. ಗುಳ್ಳದ ಹುಳಿಗೆ, ನಾಲ್ವರ ಲೆಕ್ಕದಲ್ಲಿ, ಅರ್ಧ ಕಪ್ ತೊಗರಿಬೇಳೆಯನ್ನು ಬೇರೆಯಾಗಿ ಬೇಯಿಸಿಕೊಳ್ಳಬೇಕು. ಗುಳ್ಳವನ್ನು ಹೆಚ್ಚುತ್ತಿದ್ದಂತೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಬಳಿಕ ಹೋಳುಗಳನ್ನು ಹುಣಸೆ ನೀರು, ಉಪ್ಪು, ಅರಸಿನ, ಚೂರು ಬೆಲ್ಲದೊಂದಿಗೆ ಒಲೆಯ ಮೇಲಿಡಬೇಕು. ಹುಳಿಯ ಅಂಶ ತರಕಾರಿಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲವಾದ್ದರಿಂದ ಗುಳ್ಳಕ್ಕೆ ಹುಣಸೆಯನ್ನು ಮೊದಲೇ ಹಾಕುವುದು ಸರಿ; ಅದೇ ಬಲಿತ ಸೌತೆಗೆ ಹೋಳು ಬೆಂದ ಮೇಲೆ ಹಾಕುವುದು ಸರಿ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಅನೇಕ ಅಡುಗೆಗಳು ತಾವಾಗಿ ಸುಧಾರಿಸುತ್ತವೆ.

ಮಸಾಲೆಗೆ ಎರಡು ಚಮಚ ಕೊತ್ತಂಬರಿ, ಒಂದು ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತೆ, ಐದಾರು ಬ್ಯಾಡಗಿ ಮೆಣಸು ಮತ್ತು ಚಿಟಿಕೆ ಇಂಗನ್ನು ಒಂದು ಚಮಚ ತೆಂಗಿನೆಣ್ಣೆಯಲ್ಲಿ ಹುರಿದು ತೆಂಗಿನತುರಿಯೊಂದಿಗೆ ರುಬ್ಬಬೇಕು. ತುರಿ ಒಂದು ಕಪ್ ಹಾಕುವುದು ರೂಢಿ. ದಿನನಿತ್ಯದ ಊಟಕ್ಕೆ ಅರ್ಧ ಕಪ್ ಸಾಕೆಂಬುದು ನನ್ನ ಅಭಿಪ್ರಾಯ. ಬೇಳೆಯೇ ಹುಳಿಯನ್ನು ದಪ್ಪ ಮಾಡುತ್ತದೆ. ಬೇಳೆಯನ್ನೂ ಮಸಾಲೆಯನ್ನೂ ಕೂಡಿಸಿ ಒಂದು ಕುದಿ ಬಂದೊಡನೆ ಇಳಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಬೇಕು. ತೆಂಗಿನಕಾಯಿ ಬೇಡವೆನ್ನುವವರಿಗೆ ಬೋಳು ಹುಳಿ ಇದ್ದೇ ಇದೆ.

ಮಂಗಳೂರು ಸೌತೆ ಬಲಿತು ಹಣ್ಣಾದ ಮೇಲೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿ ಅಟ್ಟದಡಿಯಲ್ಲಿ ತೂಗಹಾಕುವ ಪದ್ಧತಿ ಇರುವುದು ಮಳೆಗಾಲದ ಕೊರತೆಯನ್ನು ನೀಗಿಸಿಕೊಳ್ಳುವುದಕ್ಕೇ. ಅಡುಗೆಗೆ ಹೆಚ್ಚಿದ ಕೂಡಲೇ ಚೂರು ತಿಂದು ನೋಡಿ, ಕಹಿಯಿದ್ದರೆ ಇಡೀ ಕಾಯಿಯನ್ನೇ ಬಿಸಾಡಬೇಕು. ಬೆಲ್ಲ ಹಾಕಿ ಸರಿಮಾಡಲು ಹೋಗಬಾರದು, ಏಕೆಂದರೆ ಕಹಿ ಹೆಚ್ಚಿದ್ದರೆ ಹೊಟ್ಟೆ ಕೆಡುತ್ತದೆ. ಸಿಹಿಯಾದ ಕಾಯಿಯ ತಿರುಳನ್ನು ಮಾತ್ರ ಬಿಸಾಡುವುದು ಬೇಡ, ದೋಸೆ ಹಿಟ್ಟಿಗೆ ರುಬ್ಬಿ ಸೇರಿಸಬಹುದು.

ಸೊಪ್ಪಿನ ವಿಷಯದಲ್ಲಿ ನೀರಿನ ಲೆಕ್ಕವೇ ಮುಖ್ಯ. ಹರಿವೆಯನ್ನು ಎರಡು ಮೂರು ನೀರಿನಲ್ಲಿ ಅದ್ದಿ ತೆಗೆದು, ಮಣ್ಣು ಪೂರ್ತಿ ಹೋದ ಮೇಲಷ್ಟೇ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ನೀರಿನೊಂದಿಗೆ ಹೋಗುತ್ತದೆ. ಎಲೆಗೆ ಅಂಟಿದ ನೀರಿನಲ್ಲಿಯೇ ಪಲ್ಯ ಬೇಯುತ್ತದೆ. ದಂಟು ಬಲಿತಿದ್ದರೆ ಅದನ್ನು ಮೊದಲು ಬೇಯಿಸಿ ಎಲೆಯನ್ನು ಅನಂತರ ಸೇರಿಸಬೇಕು. ಬಸಳೆಗೂ ಇದೇ ಕ್ರಮ. ಅದರೊಂದಿಗೆ ಒಣಗಿಸಿಟ್ಟ ಹಲಸಿನ ಬೀಜ ಬೇಯಿಸಿ ಹಾಕಿದರೆ ಹೊಟ್ಟೆ ತುಂಬುವ ಪದಾರ್ಥವಾಗುತ್ತದೆ. ಒಂದೆಲಗದ ತಂಬುಳಿಯಂತೂ ಒಲೆಯನ್ನೇ ಕೇಳುವುದಿಲ್ಲ: ಎಲೆ, ಜೀರಿಗೆ, ಕಾಳುಮೆಣಸು, ತುರಿ ರುಬ್ಬಿ ಮಜ್ಜಿಗೆಯಲ್ಲಿ ಕದಡಿದರಾಯಿತು. ಹಸಿಯಾಗಿಯೇ ತಿನ್ನುವ ಕಾರಣ ತೊಳೆಯುವುದರಲ್ಲಿ ಅವಸರ ಸಲ್ಲದು.

ಆಟಿಯ (ತುಳುವರ ಮಳೆಗಾಲದ ತಿಂಗಳು) ಕೆಸು ಮತ್ತು ಕಣಿಲೆಗೆ ಹೆಚ್ಚಿನ ಎಚ್ಚರ ಬೇಕು. ಕೆಸುವಿನ ಎಲೆ ನಾಲಿಗೆ, ಗಂಟಲು ತುರಿಸದಿರಲು ಎಳೆಯ ಎಲೆ ಆರಿಸಿ, ಎಲೆಗೆ ಹಿಟ್ಟು ಸವರಿ ಸುತ್ತಿ ಮಾಡುವ ಪತ್ರೊಡೆಯ ಹಿಟ್ಟಿಗೆ ಹುಣಸೆಯನ್ನು ಧಾರಾಳವಾಗಿ ಹಾಕಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಬೇಕು. ಕಣಿಲೆಯಲ್ಲಿ ಸಯನೈಡನ್ನು ಬಿಡುವ ಅಂಶವಿರುವುದರಿಂದ ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಹಾಕಿ, ಬಳಿಕ ಮುಚ್ಚಳ ತೆರೆದಿಟ್ಟು ಕುದಿಸಿ, ಆ ನೀರನ್ನೂ ಚೆಲ್ಲಿಯೇ ಪಲ್ಯಕ್ಕೆ ಇಡಬೇಕು.