ಎರಡು ಸಂಸ್ಥೆ ಸೇರಿ ಒಂದು ಟೆಂಡರ್: ಹಾಕುವುದು ಹೇಗೆ?

ವಸತಿರಹಿತರ ಆಶ್ರಯ ಕೇಂದ್ರ ನಡೆಸಲು ನಗರಸಭೆ ಟೆಂಡರ್ ಕರೆದಿದೆ ಅಂದುಕೊಳ್ಳಿ. ನಿಮ್ಮ ಸಂಸ್ಥೆಗೆ ಅಡುಗೆ, ವಸತಿ ನೋಡಿಕೊಂಡು ಅಭ್ಯಾಸವಿದೆ. ಆದರೆ ಅವರು ಕೇಳುವಷ್ಟು ವಹಿವಾಟು ಇಲ್ಲ. ಪಕ್ಕದ ಊರಿನ ಸಂಸ್ಥೆಗೆ ವಹಿವಾಟಿದೆ, ನರ್ಸ್ ಇದ್ದಾರೆ, ಅಡುಗೆಯವರಿಲ್ಲ. ಸೇರಿಕೊಂಡರೆ ಇಬ್ಬರಿಗೂ ಅನುಕೂಲ, ಅಲ್ವಾ? ಖಂಡಿತ. ಆದರೆ ಹೀಗೆ ಸೇರಿ ಟೆಂಡರ್ ಗೆದ್ದು, ಆರೇ ತಿಂಗಳಲ್ಲಿ ಮಾತು ಬಿಟ್ಟವರನ್ನು ಕಂಡಿದ್ದೇನೆ. ದುಡ್ಡಿನ ಮಾತನ್ನು ಮೊದಲೇ ಬರೆದಿಟ್ಟಿರಲಿಲ್ಲ, ಅಷ್ಟೇ.

ಮೊದಲು: ಟೆಂಡರ್ ದಾಖಲೆ ಪೂರ್ತಿ ಓದಿ. ಜಂಟಿಯಾಗಿ ಹಾಕಲು ಅವಕಾಶ ಇದೆಯಾ, ಎಷ್ಟು ಸಂಸ್ಥೆ ಸೇರಬಹುದು ನೋಡಿ. ಅನುಮಾನ ಇದ್ದರೆ ಪ್ರೀ-ಬಿಡ್ ಸಭೆಯಲ್ಲಿ (ಟೆಂಡರ್ ಹಾಕುವ ಮೊದಲು ಪ್ರಶ್ನೆ ಕೇಳಲು ಕರೆಯುವ ಸಭೆ) ಬರಹದಲ್ಲೇ ಕೇಳಿ. ಫೋನಿನಲ್ಲಿ "ನಡೆಯುತ್ತೆ ಬಿಡಿ" ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಅವಕಾಶ ಎಷ್ಟೇ ಇರಲಿ, ಮೂರಕ್ಕಿಂತ ಜಾಸ್ತಿ ಸಂಸ್ಥೆ ಸೇರಬೇಡಿ.

ಎರಡನೆಯದು: ನೋಂದಣಿ ಪತ್ರ, ಪ್ಯಾನ್, ಆಡಿಟ್ ವರದಿ, ಅನುಭವ ಪತ್ರ, ಎರಡೂ ಸಮಿತಿಗಳ ಠರಾವು ಜೋಡಿಸಿಕೊಳ್ಳಿ.

ಮೂರನೆಯದು, ಒಪ್ಪಂದ. ಎಡವುವುದು ಇಲ್ಲೇ. ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಒಪ್ಪಂದ ಖಂಡಿತ ಬೇಡ. ಅದರಲ್ಲಿ "ಪರಸ್ಪರ ಸಹಕಾರದಿಂದ" ಅಂತ ನಾಲ್ಕು ಸಲ ಇರುತ್ತದೆ, ಬಿಲ್ ತಡವಾದರೆ ಸಂಬಳ ಕೊಡುವವರು ಯಾರು ಅನ್ನೋದು ಇರುವುದಿಲ್ಲ.

ಎದುರುಬದುರು ಕೂತು ಲೆಕ್ಕ ಹಾಕಿ. ತಿಂಗಳಿಗೆ 2 ಲಕ್ಷ ಖರ್ಚು ಅಂದರೆ, ಮೂರು ತಿಂಗಳು ಬಿಲ್ ಆಗದಿದ್ದರೆ 6 ಲಕ್ಷ ಕೈಯಿಂದ ಹೋಗಬೇಕು. ಅಕ್ಕಿ ಅಂಗಡಿಯವರು ಕಾದಾರು, ರಾತ್ರಿ ಕಾವಲುಗಾರನ ಮನೆ ಬಾಡಿಗೆ ಕಾಯುವುದಿಲ್ಲ. ಆ ದುಡ್ಡು ಯಾರು, ಎಷ್ಟೆಷ್ಟು ಹಾಕಬೇಕು ಅಂತ ಅಂಕಿಯಲ್ಲೇ ಬರೆಯಿರಿ. ವಿದೇಶಿ ದೇಣಿಗೆಯಿಂದ ತೆಗೆದು ಜೊತೆಗಾರ ಸಂಸ್ಥೆಗೆ ಕೊಟ್ಟರಾಯಿತು ಅನ್ನುವ ಯೋಚನೆ ಬೇಡ. 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯಿಂದ ಆ ಹಣ ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ನಾನಿದ್ದ ಒಂದು ಸಭೆಯಲ್ಲಿ ಇಬ್ಬರು ಖಜಾಂಚಿಗಳು ಒಂದೇ ಹಾಳೆಯಲ್ಲಿ ಬರೆಯುತ್ತಾ ಹೋದರು. ಗ್ಯಾಸ್, ಸೋಪು, ಹೊದಿಕೆ ಒಗೆಯುವುದು. ಎಲ್ಲಾ ಮುಗಿಯಿತು ಅನ್ನುವಾಗ ಅಡುಗೆ ನೋಡಿಕೊಳ್ಳುವ ಅಕ್ಕ ಕೇಳಿದರು: "ನಡುರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಆಟೋ ದುಡ್ಡು ಯಾರದ್ದು?" ಅದು ಯಾರಿಗೂ ಹೊಳೆದಿರಲಿಲ್ಲ. ಹಾಳೆಯ ಅಂಚಿನಲ್ಲಿ ಅದನ್ನೂ ಸೇರಿಸಿದೆವು. ಕೇಂದ್ರದಲ್ಲಿ ದಿನಾ ನಿಂತು ದುಡಿಯುವವರನ್ನು ಆ ಸಭೆಗೆ ಕರೆಯಲೇಬೇಕು.

ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ" ಅನ್ನುವ ಸಾಲು ಇರುತ್ತದೆ. ಅಂದರೆ ಜೊತೆಗಾರ ಸಂಸ್ಥೆಯವರು ನಡುವೆ ಕೈಬಿಟ್ಟರೆ ಪೂರ್ತಿ ಕೆಲಸ ನಿಮ್ಮ ತಲೆಗೆ. ಹಾಗಾಗಿ ಬಿಟ್ಟುಹೋಗುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಅಂತಲೂ ಬರೆಯಿರಿ. ಈ ಕೆಲಸಕ್ಕೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಎರಡೂ ಕಡೆಯವರ ಸಹಿ ಇರಲಿ.

ನಾಲ್ಕನೆಯದು, ದರ. ಗೆಲ್ಲಲೇಬೇಕು ಅಂತ ಕೂಲಿ ಇಳಿಸಬೇಡಿ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಮೊದಲು ಕೂಡಿಸಿ, ಉಳಿದದ್ದು ಆಮೇಲೆ. ಹಾಸಿಗೆ ಒತ್ತೊತ್ತಾಗಿ ಹಾಕಿ ಲೆಕ್ಕ ಸರಿದೂಗಿಸುವುದೂ ಬೇಡ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲೇ ಒಬ್ಬರಿಗೆ 50 ಚದರಡಿ ಜಾಗ ಹೇಳಿದೆ.

ಐದನೆಯದು: ಕರ್ನಾಟಕ ಸರ್ಕಾರದ ಟೆಂಡರ್ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಮುಖ್ಯ ಪಾಲುದಾರರ ಡಿಜಿಟಲ್ ಸಹಿಯಿಂದ ಕೊನೆ ದಿನಕ್ಕಿಂತ ಎರಡು ದಿನ ಮೊದಲೇ ಅಪ್‌ಲೋಡ್ ಮಾಡಿ. ಸಹಿಯ ಟೋಕನ್ (ಡಿಜಿಟಲ್ ಸಹಿ ಇರುವ ಪುಟ್ಟ ಯುಎಸ್‌ಬಿ ಸಾಧನ), ಪಾಸ್‌ವರ್ಡ್ ಎರಡನ್ನೂ ಕನ್ಸಲ್ಟೆಂಟ್ ಕೈಗೆ ಕೊಟ್ಟು ಸುಮ್ನೆ ಕೂರುವವರಿದ್ದಾರೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟ ಹಾಗೆ ಅದು.

ಟೆಂಡರ್ ಅನ್ಯಾಯವಾಗಿ ಕೈತಪ್ಪಿದೆ ಅನ್ನಿಸಿದರೆ, 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕ ಮಾಡಿದ ಕಾಯ್ದೆ) 16ನೇ ಸೆಕ್ಷನ್ ಪ್ರಕಾರ ಆದೇಶ ತಲುಪಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದಕ್ಕೆ ಯಾರು ಸಹಿ ಹಾಕಬೇಕು ಅನ್ನೋದನ್ನೂ ಅಧಿಕಾರ ಪತ್ರದಲ್ಲಿ ಮೊದಲೇ ಬರೆದಿಡಿ. ಆಗ ಸಹಿಗಾಗಿ ಊರೂರು ಅಲೆದು ದಿನ ಕಳೆಯಬೇಕಾಗಿಲ್ಲ.