ಅರ್ಧ ಇಂಚಿನ ಪೈಪಿಗೆ ಅರ್ಧ ಇಂಚಿನ ನಳ್ಳಿ ಕೂರದಿದ್ದಾಗ

ಅಂಗಡಿಯಲ್ಲಿ ‘ಅರ್ಧ ಇಂಚಿನ ಫಿಟಿಂಗ್ ಕೊಡಿ’ ಅಂದರೆ ಸಾಲದು. ಅರ್ಧ ಇಂಚು ಬರೀ ಹೆಸರು. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಹೊರವ್ಯಾಸ 21.3 ಮಿ.ಮೀ., ತಣ್ಣೀರಿನ ಗಟ್ಟಿ ಪ್ಲಾಸ್ಟಿಕ್ಕಾದ ಯುಪಿವಿಸಿಯದ್ದೂ ಅಷ್ಟೆ. ಬಿಸಿನೀರಿನ ಸಿಪಿವಿಸಿ 15.9. ತೋಟಕ್ಕೆ ಎಳೆಯುವ ಪಿವಿಸಿ 20. ನಮ್ಮ ಕಾಸರಗೋಡಿನ ಹಳೆ ಮನೆಗಳಲ್ಲಿ ಇವೆಲ್ಲ ಒಂದರ ಬಾಲಕ್ಕೆ ಒಂದು ಜೋಡಿಕೊಂಡಿರುವುದುಂಟು. ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಸುರಂಗದಿಂದ ಟ್ಯಾಂಕಿಗೆ ಬರುವ ಕಪ್ಪು ಎಚ್‌ಡಿಪಿಇ ಪೈಪು ಬೇರೆ. ಹಾಗಾಗಿ ಮೊದಲು ವರ್ನಿಯರ್ ಹಿಡಿದು ಹೊರವ್ಯಾಸ ಅಳೆದು, ಬರೆದುಕೊಂಡೇ ನಾನು ಅಂಗಡಿಗೆ ಹೋಗುವುದು.

ಎರಡು ಬಗೆಯ ಪೈಪು ಸೇರುವ ಕಡೆ ಅಂಟನ್ನು ನಂಬುವುದಿಲ್ಲ, ಥ್ರೆಡ್ಡನ್ನು (ತಿರುಪಿನ ಹಲ್ಲು) ನಂಬುತ್ತೇನೆ. 20ರ ಪೈಪನ್ನು 21.3ರ ಸಾಕೆಟ್ಟಿಗೆ ಹಾಕಿ ಸಂದಿಗೆ ಸಾಲ್ವೆಂಟ್ ಅಂಟು ತುಂಬುವವರಿದ್ದಾರೆ. ಸಾಲ್ವೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ಸಂದಿ ತುಂಬುವುದಿಲ್ಲ; ಪಂಪು ಹಾಕಿದ ದಿನ ಅದು ಕಳಚಿ ಬರುತ್ತದೆ. 20ರ ಪೈಪಿಗೆ 20ರದ್ದೇ ಅಡಾಪ್ಟರ್, ಸಿಪಿವಿಸಿಗೆ ಸಿಪಿವಿಸಿಯ ಹಿತ್ತಾಳೆ ಎಫ್‌ಟಿಎ (ಒಳಥ್ರೆಡ್ಡಿನ ಅಡಾಪ್ಟರ್), ಅದರದ್ದೇ ಸಾಲ್ವೆಂಟ್. ಎಚ್‌ಡಿಪಿಇಗೆ ಯಾವ ಅಂಟೂ ಹಿಡಿಯದು, ನಟ್ಟು ಬಿಗಿದು ಕೂರಿಸುವ ಕಂಪ್ರೆಷನ್ ಫಿಟಿಂಗೇ ಬೇಕು. ಎಲ್ಲದರ ಇನ್ನೊಂದು ತುದಿ ಅರ್ಧ ಇಂಚಿನ ಬಿಎಸ್‌ಪಿ (ಬ್ರಿಟಿಷ್ ಅಳತೆಯ) ಥ್ರೆಡ್ ಆಗಿರಲಿ: ಹೊರವ್ಯಾಸ ಸುಮಾರು 20.95 ಮಿ.ಮೀ., ಇಂಚಿಗೆ 14 ಸುತ್ತು. ಇಲ್ಲಿ ಮಾರುವ ನಳ್ಳಿಯ ಬಾಲವೂ ಅದೇ. ಹೊರದೇಶದಿಂದ ತಂದ ನಳ್ಳಿಯಲ್ಲಿ ಎನ್‌ಪಿಟಿ (ಅಮೆರಿಕದ ಅಳತೆಯ ಥ್ರೆಡ್) ಇದ್ದರೆ ಜಾಗ್ರತೆ: ಅದಕ್ಕೂ 14 ಸುತ್ತೇ, ಆದರೆ ಹಲ್ಲಿನ ಕೋನ 55 ಅಲ್ಲ, 60 ಡಿಗ್ರಿ. ಕೆಲವು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ, ಟೆಫ್ಲಾನ್ ಟೇಪು ಎಷ್ಟು ಸುತ್ತಿದರೂ ಜಿನುಗು ನಿಲ್ಲದು.

ಪ್ಲಾಸ್ಟಿಕ್ಕಿನ ಹೊರಥ್ರೆಡ್ ಲೋಹದೊಳಗೆ ಹೋಗಬಹುದು. ಲೋಹದ ನಳ್ಳಿಯನ್ನು ಬರೀ ಪ್ಲಾಸ್ಟಿಕ್ ಎಫ್‌ಟಿಎಯೊಳಗೆ ಬಿಗಿದರೆ ಅದು ಬೆಣೆಯಂತೆ ಹೊಕ್ಕು ಸಾಕೆಟ್ ಸೀಳುತ್ತದೆ. ಸೀಳು ಅಂದೇ ಕಾಣಿಸದೆ, ತಿಂಗಳ ಮೇಲೆ ಗೋಡೆ ಒದ್ದೆಯಾದಾಗ ಗೊತ್ತಾಗುತ್ತದೆ. ಹಿತ್ತಾಳೆಯದನ್ನು ಬಿಟ್ಟು ನಾಲ್ಕು ಕಾಸು ಉಳಿಸಲು ಹೋಗಿ ಟೈಲ್ಸ್ ಒಡೆಸಬೇಡಿ.

ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ಬಾವಿನೀರು ಹೆಚ್ಚಾಗಿ ಆಮ್ಲೀಯ, ಜಿಐಯ ಸತುವನ್ನು ತಿನ್ನುತ್ತದೆ. ಹಿತ್ತಾಳೆ ತಾಗುವ ಕಡೆ ಇನ್ನೂ ಬೇಗ. ಪೈಪಿನಲ್ಲಿ ಅತಿ ತೆಳುವಾದ ಜಾಗ ಥ್ರೆಡ್ಡೇ, ಮೊದಲು ಮುರಿಯುವುದೂ ಅಲ್ಲೇ. ಅದಕ್ಕೇ ಹಳೆ ನಳ್ಳಿ ಬಿಚ್ಚುವಾಗ ಎರಡು ರೆಂಚ್: ಒಂದು ಪೈಪನ್ನು ಅಲುಗದಂತೆ ಹಿಡಿಯಲು, ಇನ್ನೊಂದು ತಿರುಗಿಸಲು. ಮುರಿದ ಥ್ರೆಡ್ಡಿನ ತುಂಡು ಸಾಕೆಟ್ಟಿನೊಳಗೇ ಉಳಿದರೆ ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಎರಡು ಸೀಳು ಹಾಕಿ, ಸಾಕೆಟ್ಟಿನ ಥ್ರೆಡ್ ಮುಟ್ಟುವ ಮೊದಲೇ ನಿಲ್ಲಿಸಿ, ನಡುವಿನ ಚೂರನ್ನು ಒಳಕ್ಕೆ ಮಡಚಿ ತೆಗೆಯಿರಿ.

ಟೈಲ್ಸ್ ಹಾಕಿದ ಮೇಲೆ ಥ್ರೆಡ್ ಒಳಗಾಗಿದ್ದರೆ ಎಕ್ಸ್‌ಟೆನ್ಷನ್ ನಿಪ್ಪಲ್ (ಥ್ರೆಡ್ಡನ್ನು ಹೊರಕ್ಕೆ ಉದ್ದ ಮಾಡುವ ತುಂಡು) ಬೇಕು. ಒಂದು ಉದ್ದನೆಯದು ಸಾಕು, ಎರಡು ಗಿಡ್ಡವು ಬೇಡ. ಪ್ರತಿ ಜೋಡಣೆಯೂ ಜಿನುಗುವ ಜಾಗ.

ಟೇಪನ್ನು ಥ್ರೆಡ್ಡಿನ ತುದಿ ನಿಮ್ಮ ಕಡೆಗಿಟ್ಟು ಗಡಿಯಾರದ ಮುಳ್ಳಿನ ದಿಕ್ಕಿಗೆ ಎಳೆದು ಸುತ್ತಿ. ತೆಳು ಟೇಪಾದರೆ ನಾನು 10–12 ಸುತ್ತು ಹಾಕುತ್ತೇನೆ, ಮೊದಲ ಹಲ್ಲು ಬರಿದಾಗಿಯೇ ಇರಲಿ. ನಳ್ಳಿಯ ಮೂತಿ ನೇರವಾಗಲಿಲ್ಲವೆಂದು ಹಿಂದಕ್ಕೆ ತಿರುಗಿಸಬಾರದು. ಬಿಚ್ಚಿ, ಹಳೆ ಟೇಪು ಕೆರೆದು, ಹೊಸದಾಗಿ ಎರಡು ಸುತ್ತು ಹೆಚ್ಚು ಹಾಕಿ ಬಿಗಿಯಿರಿ.

ಸಾಲ್ವೆಂಟ್ ಹಾಕುವಾಗ ಪೈಪಿನೊಳಗಿಂದ ನೀರು ತೊಟ್ಟಿಕ್ಕುತ್ತಿದ್ದರೆ ಬ್ರೆಡ್ಡಿನ ಬಿಳಿಭಾಗ ಉಂಡೆ ಮಾಡಿ ಒಳಗೆ ತುರುಕಿ; ಒಂದು ರಾತ್ರಿ ಬಿಟ್ಟು ನೀರು ಬಿಟ್ಟರೆ ಕರಗಿ ಹೋಗುತ್ತದೆ. ಆದರೆ ಮೊದಲು ನಳ್ಳಿಯ ಮೂತಿಯ ಜಾಲರಿ ಬಿಚ್ಚಿಟ್ಟಿರಬೇಕು, ಇಲ್ಲದಿದ್ದರೆ ಬ್ರೆಡ್ಡೂ ಜಿಐ ತುಕ್ಕೂ ಅಲ್ಲೇ ಕಟ್ಟಿಕೊಳ್ಳುತ್ತವೆ. ಟ್ಯಾಂಕ್ ನಳ್ಳಿಗಿಂತ ಮೂರು ಮೀಟರಷ್ಟೇ ಎತ್ತರವಿದ್ದರೆ ಒತ್ತಡ 0.3 ಬಾರ್ ಮಾತ್ರ. ಅಂಥ ಕಡೆ ಜಾಲರಿಯನ್ನು ಮತ್ತೆ ಹಾಕುವುದೇ ಬೇಡ.